ಮಕ್ಕಳ ಹಕ್ಕುಗಳ ಒಡಂಬಡಿಕೆ ಮತ್ತು ಮಾಲೀಕರ ಹೊಣೆ

ಕಕ್ಕಬೆ, ನಾಪೋಕ್ಲು ಸುತ್ತಿನ ತೋಟಗಳಲ್ಲಿ ಕಾಫಿ ಕೊಯ್ಲಿನ ಕಾಲಕ್ಕೆ ಹೊರಗಿನಿಂದ ಬಂದ ಕಾರ್ಮಿಕ ಕುಟುಂಬಗಳು ಲೈನ್ ಮನೆಗಳಲ್ಲಿ ತಂಗುತ್ತವೆ. ಕಿಲೋ ಲೆಕ್ಕದ ಕೂಲಿಯಲ್ಲಿ ತಾಯಿಯೊಡನೆ ಮಗುವೂ ಹಣ್ಣು ಕೊಯ್ದರೆ ಅದು ತಾಯಿಯ ತೂಕದಲ್ಲಿಯೇ ಸೇರುತ್ತದೆ. ಹಾಜರಿ ಪುಸ್ತಕದಲ್ಲಿ ಮಗುವಿನ ಹೆಸರಿರುವುದಿಲ್ಲ. ಆದರೆ ಹೆಸರಿಲ್ಲದ ಮಾತ್ರಕ್ಕೆ ಮಾಲೀಕರ ಹೊಣೆ ತಪ್ಪುವುದಿಲ್ಲ.

ಒಡಂಬಡಿಕೆಯಿಂದ ಕಾನೂನಿಗೆ

ವಿಶ್ವಸಂಸ್ಥೆಯ ಮಹಾಸಭೆಯು 1989ರ ನವೆಂಬರ್ 20ರಂದು ಮಕ್ಕಳ ಹಕ್ಕುಗಳ ಒಡಂಬಡಿಕೆಯನ್ನು ಅಂಗೀಕರಿಸಿತು. ಭಾರತವು 1992ರ ಡಿಸೆಂಬರ್ 11ರಂದು ಅದಕ್ಕೆ ಸೇರಿತು. ಮಕ್ಕಳನ್ನು ಆರ್ಥಿಕ ಶೋಷಣೆಯಿಂದ ರಕ್ಷಿಸಬೇಕೆಂದು ಅದರ 32ನೆಯ ವಿಧಿ ಹೇಳುತ್ತದೆ. ನಮ್ಮ ದೇಶದಲ್ಲಿ ಇಂತಹ ಒಪ್ಪಂದಗಳು ತಾವಾಗಿಯೇ ಕಾನೂನಾಗುವುದಿಲ್ಲ. ಸಂವಿಧಾನದ 253ನೆಯ ವಿಧಿಯನ್ವಯ ಸಂಸತ್ತು ಅವುಗಳ ಜಾರಿಗೆ ಶಾಸನ ರಚಿಸಬಹುದು.

2009ರ ಶಿಕ್ಷಣ ಹಕ್ಕು ಕಾಯ್ದೆಯು 6ರಿಂದ 14 ವರ್ಷದ ಮಕ್ಕಳ ಶಾಲಾ ಶಿಕ್ಷಣವನ್ನು ಹಕ್ಕಾಗಿಸಿತು. 1986ರ ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ತಿದ್ದುಪಡಿಯಾಯಿತು. ಮರುವರ್ಷ, 2017ರ ಜೂನ್‌ನಲ್ಲಿ, ಭಾರತವು ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆಯ 138 ಮತ್ತು 182ನೆಯ ಒಡಂಬಡಿಕೆಗಳನ್ನು ಅನುಮೋದಿಸಿತು. 138ನೆಯ ಒಡಂಬಡಿಕೆಯ ವ್ಯಾಪ್ತಿಯನ್ನು ಮಿತಿಗೊಳಿಸಿಕೊಳ್ಳಲು ಅಭಿವೃದ್ಧಿಶೀಲ ದೇಶಗಳಿಗೆ ಅವಕಾಶವಿದ್ದರೂ, ವಾಣಿಜ್ಯ ಬೆಳೆಯ ತೋಟಗಳನ್ನು ಹೊರಗಿಡುವಂತಿಲ್ಲ.

ಈಗಿನ ನಿಯಮಗಳು

14 ವರ್ಷ ತುಂಬದ ಮಗುವನ್ನು ಯಾವುದೇ ಉದ್ಯೋಗಕ್ಕೆ ನೇಮಿಸುವಂತಿಲ್ಲ. ಕೆಲಸ ಮಾಡಲು ‘ಬಿಡುವಂತೆಯೂ’ ಇಲ್ಲ. ಈ ಎರಡನೆಯ ಮಾತೇ ಕಿಲೋ ಲೆಕ್ಕದ ಕೊಯ್ಲಿಗೆ ಮುಖ್ಯವಾದುದು. ಶಾಲೆ ಬಿಟ್ಟ ಮೇಲೆ ಅಥವಾ ರಜೆಯಲ್ಲಿ ತನ್ನ ಕುಟುಂಬದ ಅಪಾಯರಹಿತ ಉದ್ಯಮಕ್ಕೆ ಮಗು ನೆರವಾಗಬಹುದು. ಸ್ವಂತ ಅಂಗಡಿಗೆ, ಸ್ವಂತ ಜೇನುಪೆಟ್ಟಿಗೆಗಳ ಆರೈಕೆಗೆ ಸಲ್ಲುವ ಈ ವಿನಾಯಿತಿಯನ್ನು ಪರರ ತೋಟದ ಕೂಲಿಗೆ ಅನ್ವಯಿಸಿಕೊಳ್ಳುವುದು ಸರಿಯಲ್ಲ.

14ರಿಂದ 18 ವರ್ಷದವರನ್ನು ಗಣಿ, ಸ್ಫೋಟಕ ಮುಂತಾದ ಅಪಾಯಕಾರಿ ಕೆಲಸಗಳಿಗೆ ತೊಡಗಿಸುವಂತಿಲ್ಲ. ಇತರ ಕೆಲಸಗಳಲ್ಲಿ ದಿನಕ್ಕೆ ವಿರಾಮವೂ ಸೇರಿ 6 ಗಂಟೆ ಮೀರಬಾರದು. ಸಂಜೆ 7ರಿಂದ ಬೆಳಿಗ್ಗೆ 8ರವರೆಗೆ ದುಡಿಸಬಾರದು. ಪ್ರತ್ಯೇಕ ದಾಖಲೆ ಪುಸ್ತಕವಿಡಬೇಕು.

ಉಲ್ಲಂಘಿಸಿದ ಮಾಲೀಕರಿಗೆ 6 ತಿಂಗಳಿನಿಂದ 2 ವರ್ಷಗಳವರೆಗೆ ಸೆರೆವಾಸ, ಅಥವಾ 20,000ದಿಂದ 50,000 ರೂ. ದಂಡ, ಅಥವಾ ಎರಡೂ ಆಗಬಹುದು. ಅಪರಾಧ ಮರುಕಳಿಸಿದರೆ ಸೆರೆವಾಸ 1ರಿಂದ 3 ವರ್ಷ. 18 ತುಂಬದವರನ್ನು ಜೀತಕ್ಕಿರಿಸಿಕೊಂಡರೆ ಅಥವಾ ಅವರ ದುಡಿಮೆಯ ಹಣವನ್ನು ತಡೆಹಿಡಿದರೆ 2015ರ ಬಾಲನ್ಯಾಯ ಕಾಯ್ದೆಯಡಿ 5 ವರ್ಷಗಳವರೆಗೆ ಕಠಿಣ ಶಿಕ್ಷೆ ಹಾಗೂ 1 ಲಕ್ಷ ರೂ. ದಂಡವಿದೆ.

ವ್ಯಾಪಾರದ ದೃಷ್ಟಿಯಿಂದ

ಭಾರತದ ಕಾಫಿಯ ಬಹುಪಾಲು ರಫ್ತಾಗುತ್ತದೆ. ಐರೋಪ್ಯ ಒಕ್ಕೂಟದ 2023ರ ಅರಣ್ಯನಾಶ ತಡೆ ನಿಯಮದ ವ್ಯಾಪ್ತಿಯಲ್ಲಿ ಕಾಫಿಯೂ ಇದೆ. ಬೆಳೆದ ದೇಶದ ಕಾರ್ಮಿಕ ಕಾನೂನುಗಳ ಪಾಲನೆಯನ್ನೂ ಅದು ಕೇಳುತ್ತದೆ. ಒಂದು ತೋಟದ ಲೋಪವು ಅಲ್ಲಿಂದ ಕೊಂಡ ವರ್ತಕರ, ಸಂಸ್ಕರಣಾ ಘಟಕದವರ ವಹಿವಾಟಿಗೂ ತೊಡಕಾಗಬಹುದು.

ಆದುದರಿಂದ ಕೊಯ್ಲಿಗೆ ಮುನ್ನವೇ ವಯಸ್ಸಿನ ದಾಖಲೆ ಪರಿಶೀಲಿಸುವುದು, ಮಕ್ಕಳನ್ನು ಕೆಲಸಕ್ಕೆ ತರಬಾರದೆಂದು ಮೇಸ್ತ್ರಿಯೊಡನೆ ಲಿಖಿತ ಕರಾರು ಮಾಡಿಕೊಳ್ಳುವುದು, ಲೈನ್ ಮನೆಯ ಮಕ್ಕಳನ್ನು ಹತ್ತಿರದ ಅಂಗನವಾಡಿ ಅಥವಾ ಶಾಲೆಗೆ ಸೇರಿಸಲು ನೆರವಾಗುವುದು ಸೂಕ್ತ. ತಾಯಂದಿರು ಕೆಲಸದಲ್ಲಿರುವಾಗ ಮಕ್ಕಳಿಗೆ ಬೇರೆ ನೆಲೆಯಿಲ್ಲದಿದ್ದರೆ, ಬರಿಯ ನಿಷೇಧದಿಂದ ಅವರು ಮತ್ತೆ ತೋಟಕ್ಕೇ ಬರುತ್ತಾರೆ. ಸಂಕಷ್ಟದಲ್ಲಿರುವ ಮಗು ಕಂಡುಬಂದರೆ 1098 ಮಕ್ಕಳ ಸಹಾಯವಾಣಿಗೆ ತಿಳಿಸಬಹುದು.