ಪುಟಗಳ ಲೆಕ್ಕದಲ್ಲಿ ಅಡಗಿದ ನಿರ್ಬಂಧ

ಪತ್ರಿಕಾ ಸ್ವಾತಂತ್ರ್ಯದ ಮಾತು ಬಂದೊಡನೆ ನಮ್ಮ ವಾಚಕರಲ್ಲಿ ಬಹುಮಂದಿಗೆ ೧೯೭೫ರ ಜೂನ್ ತಿಂಗಳಿನ ತುರ್ತು ಪರಿಸ್ಥಿತಿ ನೆನಪಾಗುವುದು ಸಹಜ. ಆಗ ದಿಲ್ಲಿಯ ಪತ್ರಿಕಾ ಕಚೇರಿಗಳಿಗೆ ರಾತ್ರೋರಾತ್ರಿ ವಿದ್ಯುತ್ತನ್ನು ನಿಲ್ಲಿಸಲಾಯಿತು. ಸುದ್ದಿಯು ಸರಕಾರದ ಪರಿಶೀಲಕರ ಮೇಜನ್ನು ದಾಟಿಯೇ ಅಚ್ಚಿಗೆ ಹೋಗಬೇಕಾಯಿತು. ಅದು ಬಹಿರಂಗವಾದ ಬಂಧನ. ಕಟ್ಟಿದವರಾರು, ಕಟ್ಟಿಸಿಕೊಂಡವರಾರು ಎಂಬುದರಲ್ಲಿ ಯಾರಿಗೂ ಸಂದೇಹವಿರಲಿಲ್ಲ. ಆದರೆ ಚುನಾವಣೆಗಳು ಕಾಲಕಾಲಕ್ಕೆ ನಡೆಯುತ್ತ, ನ್ಯಾಯಾಲಯಗಳ ಬಾಗಿಲು ತೆರೆದೇ ಇರುವ ಶಾಂತ ದಿನಗಳಲ್ಲಿಯೂ, ಒಂದಕ್ಷರವನ್ನೂ ನಿಷೇಧಿಸದೆ ಪತ್ರಿಕೆಯ ದನಿಯನ್ನು ಕುಗ್ಗಿಸಲು ಬರುತ್ತದೆ. ಅದಕ್ಕೆ ಕಾಗದದ ಮೇಲಿನ ಹಿಡಿತವೊಂದಿದ್ದರೆ ಸಾಕು.

ಹೋಟೆಲಿನ ಕಸುಬಿನಲ್ಲಿರುವ ನಮ್ಮ ಬಂಧುಗಳಿಗೆ ಇದನ್ನು ಬಿಡಿಸಿ ಹೇಳುವುದು ಕಷ್ಟವಲ್ಲ. ಅಡುಗೆ ಭಟ್ಟರಿಗೆ ಇಂಥದೇ ತಿಂಡಿ ಮಾಡಿರೆಂದು ಯಾರೂ ಅಪ್ಪಣೆ ಮಾಡಲಿಲ್ಲವೆನ್ನೋಣ. ದಿನಕ್ಕೆ ಇಷ್ಟೇ ಅಕ್ಕಿ, ಇಷ್ಟೇ ಉದ್ದು ಎಂದು ಉಗ್ರಾಣದಲ್ಲಿ ಅಳೆದುಕೊಟ್ಟರೆ, ಎಷ್ಟು ಗಿರಾಕಿಗಳಿಗೆ ದೋಸೆ ದೊರೆಯಬೇಕೆಂಬುದು ಅಲ್ಲಿಯೇ ತೀರ್ಮಾನವಾಗಿಹೋಯಿತು. ಹತ್ತು ಗಂಟೆಗೆ ‘ದೋಸೆ ಮುಗಿಯಿತು’ ಎನ್ನಬೇಕಾದವನು ಸಪ್ಲಾಯರ್ ಹುಡುಗ; ಬೈಗುಳವೂ ಅವನ ಪಾಲಿಗೇ.

ಇದಕ್ಕೆ ಪುಣೆಯ ಒಂದು ಪ್ರಕರಣವೇ ಸಾಕ್ಷಿ. ೧೯೩೨ರಲ್ಲಿ ನಾನಾಸಾಹೇಬ ಪರುಳೇಕರರು ಅಲ್ಲಿ ಸ್ಥಾಪಿಸಿದ ಮರಾಠಿ ದಿನಪತ್ರಿಕೆ ‘ಸಕಾಳ’ವನ್ನು ಆ ಊರಿನಲ್ಲಿ ನೆಲಸಿರುವ ಕನ್ನಡಿಗರು ಚೆನ್ನಾಗಿ ಬಲ್ಲರು. ೧೯೫೬ರಲ್ಲಿ ಸಂಸತ್ತು ವೃತ್ತಪತ್ರಿಕೆಗಳ ಬೆಲೆ ಮತ್ತು ಪುಟಗಳನ್ನು ಕುರಿತ ಕಾಯಿದೆಯೊಂದನ್ನು ಮಾಡಿತು. ಅದರನ್ವಯ ೧೯೬೦ರಲ್ಲಿ ಹೊರಟ ಆಜ್ಞೆಯು, ಇಷ್ಟು ಬೆಲೆಗೆ ಇಷ್ಟೇ ಪುಟಗಳೆಂದು ಗೊತ್ತುಪಡಿಸಿತು. ‘ಸಕಾಳ’ದ ಬೆಲೆ ಆಗ ೭ ನಯಾಪೈಸೆ. ವಾರದ ಐದು ದಿನ ಆರಾರು ಪುಟ, ಒಂದು ದಿನ ನಾಲ್ಕು ಪುಟ, ಹೀಗೆ ಭಾನುವಾರವನ್ನು ಬಿಟ್ಟು ಆರು ದಿನಗಳಿಗೆ ೩೪ ಪುಟಗಳನ್ನು ಅದು ಕೊಡುತ್ತಿತ್ತು. ಆಜ್ಞೆಯ ಪ್ರಕಾರ ೭ ನಯಾಪೈಸೆಗೆ ೨೪ ಪುಟಗಳಿಗಿಂತ ಹೆಚ್ಚು ಕೊಡುವಂತಿಲ್ಲ. ೩೪ನ್ನೇ ಕೊಡಬೇಕೆಂದರೆ ಬೆಲೆಯನ್ನು ೮ಕ್ಕೆ ಏರಿಸಬೇಕು.

ಒಂದು ನಯಾಪೈಸೆಯ ಅಂತರವೇನು ಮಹಾ ಎಂದು ಕೇಳುವವರುಂಟು. ಬೆಲೆ ಏರಿಸಿದರೆ ಬಡ ಓದುಗನು ಕೈಬಿಡುತ್ತಾನೆ. ಏರಿಸದಿದ್ದರೆ ವಾರಕ್ಕೆ ಹತ್ತು ಪುಟಗಳ ಬರಹ ಕಸದ ಬುಟ್ಟಿಗೆ. ಮೊದಲನೆಯದರಲ್ಲಿ ಕೇಳುವವರು ಕಡಿಮೆ, ಎರಡನೆಯದರಲ್ಲಿ ಹೇಳುವ ಮಾತು ಕಡಿಮೆ. ಆ ಹತ್ತು ಪುಟಗಳಲ್ಲಿ ಯಾವುದನ್ನು ಬಿಡಬೇಕೆಂದು ಸರಕಾರ ಹೇಳಲಿಲ್ಲ. ಬಿಡುವ ಕೆಲಸವನ್ನು ಸಂಪಾದಕನ ಕೈಯಿಂದಲೇ ಮಾಡಿಸುವುದು ಈ ಉಪಾಯದ ಜಾಣತನ.

ಸರಕಾರದ ಸಮರ್ಥನೆ ಕೇಳಲು ಇಂಪಾಗಿತ್ತೆಂಬುದನ್ನೂ ಹೇಳಬೇಕು. ದೊಡ್ಡ ಪತ್ರಿಕೆಗಳು ಕಡಿಮೆ ಬೆಲೆಗೆ ರಾಶಿ ಪುಟಗಳನ್ನು ಕೊಟ್ಟು ಸಣ್ಣವುಗಳನ್ನು ನುಂಗುತ್ತಿವೆ, ಅವುಗಳನ್ನು ಕಾಪಾಡುವುದಕ್ಕಾಗಿಯೇ ಈ ಕ್ರಮವೆಂದು ಅದರ ವಾದ. ಪರಸ್ಥಳದಲ್ಲಿ ಸ್ವಭಾಷೆಯ ಪತ್ರಿಕೆ ನಡೆಸುವ ನಮ್ಮಂಥವರ ಕಿವಿಗೆ ಈ ಮಾತು ತುಪ್ಪ ಸುರಿದಂತೆ. ನೆರೆಯ ಹಿರಿಯ ಪತ್ರಿಕೆಯ ಪುಟ ಕತ್ತರಿಸಿದರೆ ನಮಗೆ ನಾಲ್ಕು ಜನ ಚಂದಾದಾರರು ಹೆಚ್ಚಿಯಾರು. ಆದರೆ ಇಂದು ನಮ್ಮ ಹಿತಕ್ಕಾಗಿ ಹಿಡಿದ ಕತ್ತರಿಯು ನಾಳೆ ನಮ್ಮ ಪುಟಗಳತ್ತ ತಿರುಗದೆಂಬ ಭರವಸೆಯನ್ನು ಆ ಕಾಯಿದೆ ಎಲ್ಲಿಯೂ ಕೊಟ್ಟಿರಲಿಲ್ಲ.

‘ಸಕಾಳ’ವು ಸರ್ವೋಚ್ಚ ನ್ಯಾಯಾಲಯಕ್ಕೆ ಹೋಯಿತು. ಅದರ ಇಬ್ಬರು ಓದುಗರೂ ಪ್ರತ್ಯೇಕ ಅರ್ಜಿಗಳೊಡನೆ ಅಲ್ಲಿಗೆ ಹೋದರೆಂಬುದು ನನಗೆ ಇಡೀ ಪ್ರಕರಣದಲ್ಲಿ ಅತ್ಯಂತ ಪ್ರಿಯವಾದ ಸಂಗತಿ. ೧೯೬೧ರ ಸೆಪ್ಟೆಂಬರ್ ೨೫ರಂದು ನ್ಯಾಯಮೂರ್ತಿ ಮುಧೋಳ್ಕರರು ಬರೆದ ತೀರ್ಪಿನಲ್ಲಿ ಐವರ ಪೀಠವು ಆ ನಿರ್ಬಂಧವನ್ನು ತಳ್ಳಿಹಾಕಿತು. ವ್ಯಾಪಾರಕ್ಕೆ ಸಾರ್ವಜನಿಕ ಹಿತದ ಹೆಸರಿನಲ್ಲಿ ಮಿತಿ ಹಾಕಬಹುದು, ವಾಕ್‌ಸ್ವಾತಂತ್ರ್ಯಕ್ಕೆ ಆ ನೆಪ ಸಾಲದು. ಎಷ್ಟು ಹೇಳಬೇಕು, ಎಷ್ಟು ಜನರಿಗೆ ಮುಟ್ಟಿಸಬೇಕು ಎಂಬುದೂ ಆ ಸ್ವಾತಂತ್ರ್ಯದ ಭಾಗವೇ ಎಂಬುದು ಅದರ ಸಾರ.

ಅಷ್ಟಕ್ಕೇ ಮುಗಿಯಲಿಲ್ಲ. ೧೯೭೨-೭೩ರ ಕಾಗದ ನೀತಿಯು ಪತ್ರಿಕೆಗಳಿಗೆ ಹತ್ತು ಪುಟಗಳ ಗರಿಷ್ಠ ಮಿತಿ ಹಾಕಿತು. ತನ್ನ ಪಾಲಿನ ಕಾಗದದಲ್ಲಿಯೇ ಪ್ರತಿಗಳನ್ನು ಕಡಿಮೆ ಮಾಡಿ ಪುಟಗಳನ್ನು ಹೆಚ್ಚಿಸಿಕೊಳ್ಳುವುದಕ್ಕೂ ಅವಕಾಶವಿರಲಿಲ್ಲ. ಕಾಗದ ಉಳಿಸುವುದೇ ಉದ್ದೇಶವಾಗಿದ್ದರೆ ಈ ಷರತ್ತು ಏಕೆ ಬೇಕಾಗಿತ್ತು? ಆ ವರ್ಷದ ಅಕ್ಟೋಬರ್ ೩೦ರಂದು ನಾಲ್ವರು ನ್ಯಾಯಮೂರ್ತಿಗಳು ಅದನ್ನೂ ರದ್ದುಪಡಿಸಿದರು. ನ್ಯಾಯಮೂರ್ತಿ ಮ್ಯಾಥ್ಯೂ ಒಬ್ಬರೇ ಭಿನ್ನಮತ ಬರೆದರು. ಪತ್ರಿಕೆ ಕೆಲವೇ ಧನಿಕರ ಕೈಯಲ್ಲಿದ್ದರೆ ಉಳಿದವರ ದನಿಗೆ ಎಡೆಯೆಲ್ಲಿ ಎಂಬ ಅವರ ಚಿಂತೆಯನ್ನು ಸುಲಭವಾಗಿ ತಳ್ಳಿಹಾಕುವಂತಿಲ್ಲ.

ಬಳಿಕ ಸುಂಕದ ಸರದಿ. ೧೯೮೧ರಲ್ಲಿ ಆಮದು ಕಾಗದದ ಮೇಲೆ ಶೇಕಡಾ ೧೫ರಷ್ಟು ಸುಂಕ ಬಂದಿತು. ಮರುವರ್ಷ ಅದು ಟನ್ನಿಗೆ ಒಟ್ಟು ೮೨೫ ರೂಪಾಯಿಯಾಯಿತು. ೧೯೮೪ರ ಡಿಸೆಂಬರಿನಲ್ಲಿ ಈ ಬಗೆಗೆ ತೀರ್ಪು ಬರೆದವರು ಕನ್ನಡಿಗರಾದ ನ್ಯಾಯಮೂರ್ತಿ ಇ. ಎಸ್. ವೆಂಕಟರಾಮಯ್ಯನವರು, ೧೯೮೯ರಲ್ಲಿ ಅವರು ಮುಖ್ಯ ನ್ಯಾಯಮೂರ್ತಿಗಳೂ ಆದರು. ತೆರಿಗೆ ಹಾಕುವ ಅಧಿಕಾರವನ್ನು ಅವರು ಅಲ್ಲಗಳೆಯಲಿಲ್ಲ. ಆದರೆ ಜ್ಞಾನದ ಮೇಲೆ ಬೀಳುವ ತೆರಿಗೆಯನ್ನು ಇತರ ಸರಕಿನ ತೆರಿಗೆಯಂತೆ ನೋಡಲಾಗದೆಂದು, ಅದನ್ನು ಮತ್ತೆ ಪರಿಶೀಲಿಸುವಂತೆ ಸರಕಾರಕ್ಕೆ ನಿರ್ದೇಶವಿತ್ತರು. ೨೦೧೯ರ ಜುಲೈ ಮುಂಗಡ ಪತ್ರದಲ್ಲಿ ಶೇಕಡಾ ೧೦ರ ಸುಂಕ ಪುನಃ ಕಾಣಿಸಿಕೊಂಡು, ಮರುವರ್ಷ ೫ಕ್ಕೆ ಇಳಿಯಿತು.

ಕಾಯಿದೆ, ನೀತಿ, ಸುಂಕ, ಇವೆಲ್ಲವೂ ಅಚ್ಚಾಗಿ ಹೊರಬರುತ್ತವೆ. ಆದುದರಿಂದ ಅವುಗಳನ್ನು ನ್ಯಾಯಾಲಯದ ಮುಂದಿಡಬಹುದು. ಸರಕಾರಿ ಜಾಹೀರಾತಿನ ವಿಷಯ ಹಾಗಲ್ಲ. ಸಣ್ಣ ಪತ್ರಿಕೆಯ ಕಾಗದದ ಬಿಲ್ಲು, ಮೊಳೆ ಜೋಡಿಸುತ್ತಿದ್ದವರ ಕಾಲದಿಂದ ಇಂದಿನ ಕಂಪ್ಯೂಟರಿನವರೆಗೂ, ಬಹುಪಾಲು ಜಾಹೀರಾತಿನಿಂದಲೇ ತೀರಬೇಕು. ಟೀಕೆಯ ಲೇಖನವೊಂದು ಹೊರಬಂದ ತರುವಾಯ ಜಾಹೀರಾತು ನಿಂತರೆ ಅದಕ್ಕೆ ಆಜ್ಞೆಯ ಪ್ರತಿಯಿಲ್ಲ, ಸಹಿಯಿಲ್ಲ, ಕಾರಣವೂ ಇಲ್ಲ. ಗುಮಾಸ್ತನನ್ನು ಕೇಳಿದರೆ ‘ಈ ತಿಂಗಳ ಪಟ್ಟಿಯಲ್ಲಿ ನಿಮ್ಮ ಹೆಸರು ಬಂದಿಲ್ಲ ಸ್ವಾಮಿ’ ಎನ್ನುತ್ತಾನೆ. ಪಟ್ಟಿ ತಯಾರಿಸಿದವರಾರೆಂಬುದು ಅವನಿಗೂ ತಿಳಿದಿರುವುದಿಲ್ಲ.