ಥಾಣೆ ಖಾಡಿಯ ರಾಜಹಂಸಗಳು

ರಂಗನತಿಟ್ಟು, ಕೊಕ್ಕರೆ ಬೆಳ್ಳೂರುಗಳನ್ನು ನೆನೆದು ನಿಟ್ಟುಸಿರಿಡುವ ಮಹಾನಗರದ ಕನ್ನಡಿಗರಲ್ಲಿ ಅನೇಕರಿಗೆ, ಅಂಥದೇ ನೋಟವೊಂದು ಸಮೀಪದಲ್ಲಿಯೇ ಇದೆಯೆಂಬುದು ತಿಳಿಯದು. ಉಲ್ಹಾಸನಗರದಿಂದ ನಸುಕಿನ ಲೋಕಲ್ ಹಿಡಿದು, ಥಾಣೆಯಲ್ಲಿ ಗಾಡಿ ಬದಲಿಸಿ ಐರೋಲಿಯಲ್ಲಿ ಇಳಿದರೆ ಥಾಣೆ ಖಾಡಿಯ ಕಾಂಡ್ಲಾ ಕಾಡು ದೂರವಲ್ಲ. ಐರೋಲಿ ಮತ್ತು ವಾಶಿ ಸೇತುವೆಗಳ ನಡುವಿನ ಸುಮಾರು 1,690 ಹೆಕ್ಟೇರ್ ಪ್ರದೇಶವನ್ನು 2015ರಲ್ಲಿ ರಾಜಹಂಸಗಳ ಅಭಯಾರಣ್ಯವೆಂದು ಘೋಷಿಸಲಾಯಿತು. 2022ರಲ್ಲಿ ಖಾಡಿಯು ಅಂತಾರಾಷ್ಟ್ರೀಯ ಮಹತ್ತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೂ ಸೇರಿತು.

ರಾಜಹಂಸಗಳು ಇಲ್ಲಿಗೆ ಬರುವುದು ಚಳಿಗಾಲದ ಆರಂಭದಲ್ಲಿ; ಮರಳುವುದು ಮಳೆಗಾಲಕ್ಕೆ ಮುನ್ನ. ಅವು ಗೂಡು ಕಟ್ಟಿ ಮರಿ ಮಾಡುವ ತವರು ಗುಜರಾತಿನ ಕಛ್ ರಣ. ಹೊಟ್ಟೆಪಾಡಿಗೆ ಮುಂಬಯಿ, ಸಂಸಾರಕ್ಕೆ ಊರು ಎಂಬ ಈ ಕ್ರಮ ಓದುಗರಿಗೆ ಅಪರಿಚಿತವೇನಲ್ಲ! ಕೊಕ್ಕನ್ನು ತಲೆಕೆಳಗಾಗಿ ನೀರಿಗಿಳಿಸಿ, ನಾಲಗೆಯಿಂದ ಕೆಸರುನೀರನ್ನು ಒತ್ತಿ ಸೋಸಿ, ಉಳಿದ ಪಾಚಿಯನ್ನು ಅವು ನುಂಗುತ್ತವೆ. ಗರಿಗಳ ಗುಲಾಬಿ ಬಣ್ಣವೂ ಆಹಾರದಲ್ಲಿನ ವರ್ಣದ್ರವ್ಯದಿಂದಲೇ ಬಂದುದು.

ಪಕ್ಷಿವೀಕ್ಷಣೆಗೆ ಹೊರಡುವ ತಂಡವು ಗಡಿಯಾರಕ್ಕಿಂತ ಮೊದಲು ಭರತ-ಇಳಿತಗಳ ವೇಳೆಯನ್ನು ನೋಡಬೇಕು. ಅದು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಸರಿಯುತ್ತದೆ. ಪೂರ್ಣ ಇಳಿತದಲ್ಲಿ ಹಕ್ಕಿಗಳು ಬಲು ದೂರ. ಪೂರ್ಣ ಭರತದಲ್ಲಿ ಕೆಸರುಬಯಲೇ ಮುಳುಗುತ್ತದೆ. ನೀರು ಏರುತ್ತ ಬರುವಾಗ ಅವು ದಡದತ್ತ ಸರಿಯುತ್ತವೆ. ಮಾಸಲು ಬಣ್ಣದ ಉಡುಪು, ಟೋಪಿ, ಕುಡಿಯುವ ನೀರು, ದುರ್ಬೀನು, ಎಲ್ಲಕ್ಕೂ ಮಿಗಿಲಾಗಿ ಮೌನ ಅಗತ್ಯ. ಫೆಬ್ರವರಿ ಕಳೆದರೆ ಬಿಸಿಲು ಬೇಗ ಏರುವುದರಿಂದ ವೃದ್ಧರೂ ಮಧುಮೇಹಿಗಳೂ ಉಪಾಹಾರ ತಪ್ಪಿಸಬಾರದು. ನಿಂತು ನಿಂತು ಸಾಗುವ ಈ ನಡಿಗೆ ಬಿರುಸಿನ ವ್ಯಾಯಾಮವಲ್ಲ. ಆದರೆ ದಿನವಿಡೀ ಲೆಕ್ಕಪುಸ್ತಕ, ಕಂಪ್ಯೂಟರುಗಳಲ್ಲಿ ನೆಟ್ಟ ಕಣ್ಣಿನ ಸ್ನಾಯುಗಳಿಗೆ ದೂರದ ನೋಟ ವಿಶ್ರಾಂತಿ ಕೊಡುತ್ತದೆ. ಒಂಟಿತನಕ್ಕೆ ಸಂಗಡಿಗರು ಔಷಧವಾಗುತ್ತಾರೆ.

ಆದರೆ ಹಕ್ಕಿ ಬಂದಿತೆಂದ ಮಾತ್ರಕ್ಕೆ ನೀರು ಶುದ್ಧವೆಂದು ತಿಳಿಯುವುದು ತಪ್ಪು. ಪಾಚಿಯನ್ನು ಹುಲುಸಾಗಿ ಬೆಳೆಸುವ ಪೋಷಕಾಂಶಗಳಲ್ಲಿ ಮನೆಮನೆಯ ಚರಂಡಿಯ ಪಾಲೂ ಇದೆ. ಅದೇ ನೀರಿನೊಡನೆ ಕಾರ್ಖಾನೆಯ ರಾಸಾಯನಿಕ ಬೆರೆತರೆ ಆಹಾರವೇ ವಿಷವಾದೀತು. ಉಲ್ಹಾಸನಗರದವರಿಗೆ ಇದನ್ನು ವಿವರಿಸಬೇಕಾಗಿಲ್ಲ. 2014ರಲ್ಲಿ ವಾಲಧುನಿ ನದಿಗೆ ಸುರಿದ ರಾಸಾಯನಿಕದಿಂದೆದ್ದ ವಿಷಾನಿಲಕ್ಕೆ ಅಲ್ಲಿ ನೂರಾರು ಜನ ಅಸ್ವಸ್ಥರಾದರು. ವಾಲಧುನಿ ಉಲ್ಹಾಸ ನದಿಯನ್ನು ಸೇರುತ್ತದೆ. ಥಾಣೆಯ ಬಳಿ ಕಿರಿದಾದ ಕಾಲುವೆಯೊಂದು ಉಲ್ಹಾಸವನ್ನು ಖಾಡಿಗೆ ಕೂಡಿಸುತ್ತದೆ. ಹಕ್ಕಿ ಸೋಸುವ ಕೆಸರಿಗೂ ಮನುಷ್ಯ ಸೇವಿಸುವ ಗಾಳಿಗೂ ನಂಟು ಇಷ್ಟು ಹತ್ತಿರದ್ದು.

ಆದುದರಿಂದ ಯುಗಾದಿಗೆ ಮುನ್ನ ಒಂದು ಭಾನುವಾರ, ಮಕ್ಕಳನ್ನೂ ಕರೆದುಕೊಂಡು ಖಾಡಿಯ ದಡಕ್ಕೆ ಹೋಗಿಬರುವುದು ಲೇಸು. ರಾಜಹಂಸಗಳ ಜೊತೆಗೆ ಬೆಳ್ಳಕ್ಕಿ, ಗೊರವ, ಮಿಂಚುಳ್ಳಿಗಳನ್ನೂ ಗುರುತಿಸಲು ಕಲಿತ ಮಗು, ಮನೆಯ ಹಿಂದಿನ ನಾಲೆ ಎಲ್ಲಿಗೆ ಹರಿಯುತ್ತದೆಂದು ನಾಳೆ ಕೇಳದೆ ಇರಲಾರದು.