ಬೇಸ್‌ಬಾಲ್ ಎಸೆತಗಾರರ ತೋಳಿನ ಗಾಯಗಳು: ಒಂದು ಚಾರಿತ್ರಿಕ ಸಮೀಕ್ಷೆ

ಅಮೆರಿಕದ ಜನಪ್ರಿಯ ಕ್ರೀಡೆಯಾದ ಬೇಸ್‌ಬಾಲ್‌ನಲ್ಲಿ ದಾಂಡಿಗನತ್ತ ಚೆಂಡನ್ನು ಎಸೆಯುವವನ ತೋಳು ತಂಡದ ಮುಖ್ಯ ಬಲವಾಗಿರುತ್ತದೆ. ಆ ತೋಳು ಕೆಟ್ಟರೆ ಆಟಗಾರನ ವೃತ್ತಿಯೇ ಮುಗಿಯಿತೆಂದು ಬಹುಕಾಲ ಭಾವಿಸಲಾಗಿತ್ತು. ಈ ಭಾವನೆ ಹೇಗೆ ಬದಲಾಯಿತು, ಬದಲಾದ ಮೇಲೂ ಉಳಿದ ಸಮಸ್ಯೆ ಯಾವುದು ಎಂಬುದನ್ನು ನಾವಿಲ್ಲಿ ಪರಿಶೀಲಿಸುತ್ತೇವೆ.

ಮೊದಲು ಎಸೆತದ ಸ್ವರೂಪವನ್ನು ತಿಳಿಯಬೇಕು. ಕ್ರಿಕೆಟ್ಟಿನ ಬೌಲರನಂತಲ್ಲದೆ ಈ ಎಸೆತಗಾರನು ಮೊಣಕೈಯನ್ನು ಮಡಿಸಿ, ಬಳಿಕ ರಭಸದಿಂದ ಚಾಚುತ್ತಾನೆ. ಎಸೆತದ ಬಲ ಕಾಲಿನಲ್ಲಿ ಹುಟ್ಟಿ, ಸೊಂಟ ಮತ್ತು ಮುಂಡಗಳ ಮೂಲಕ ಭುಜವನ್ನೇರಿ ಕೈಗೆ ಇಳಿಯುತ್ತದೆ. ಹಿಂದಕ್ಕೆ ತಿರುಗಿದ ತೋಳು ಮುಂದಕ್ಕೆ ಹೊರಳುವಾಗ ಮೊಣಕೈಯ ಒಳಬದಿಯ ಅಸ್ಥಿರಜ್ಜು ಬಲವಾಗಿ ಎಳೆತಕ್ಕೊಳಗಾಗುತ್ತದೆ. ಚೆಂಡು ಕೈಬಿಟ್ಟ ಮೇಲೆ ತೋಳಿನ ವೇಗವನ್ನು ತಡೆಯುವ ಹೊಣೆ ಬಹುಮಟ್ಟಿಗೆ ಭುಜದ ಹಿಂಬದಿಯ ಸ್ನಾಯುಗಳದು. ಸಾಕಷ್ಟು ವಿಶ್ರಾಂತಿಯಿಲ್ಲದೆ ಎಸೆಯುತ್ತ ಹೋದರೆ ಸೂಕ್ಷ್ಮವಾದ ಹಾನಿಗಳು ಸೇರಿ ದೊಡ್ಡ ಗಾಯವಾಗುತ್ತವೆ.

ಈ ಅವಯವಗಳ ಪರಸ್ಪರ ಸಂಬಂಧಕ್ಕೆ ಡಿಜ್ಜಿ ಡೀನ್ ಅವರ ಪ್ರಸಂಗವೇ ನಿದರ್ಶನ. 1937ರ ಆಲ್‌ಸ್ಟಾರ್ ಪಂದ್ಯದಲ್ಲಿ ಚೆಂಡು ತಗುಲಿ ಅವರ ಕಾಲ್ಬೆರಳು ಮುರಿಯಿತು. ಅದು ಪೂರ್ತಿ ಗುಣವಾಗುವ ಮುನ್ನವೇ ಆಟಕ್ಕಿಳಿದು, ನೋವಿನಿಂದಾಗಿ ಎಸೆಯುವ ರೀತಿಯನ್ನು ಬದಲಿಸಿದರು, ತೋಳು ಕೆಟ್ಟಿತು. ಸ್ಯಾಂಡಿ ಕೋಫ್ಯಾಕ್ಸ್ 1966ರಲ್ಲಿ 27 ಪಂದ್ಯಗಳನ್ನು ಗೆದ್ದರೂ, ಮೊಣಕೈಯ ಸಂಧಿವಾತದ ಕಾರಣ ಅದೇ ವರ್ಷ, ತಮ್ಮ 30ನೆಯ ವಯಸ್ಸಿನಲ್ಲಿ, ನಿವೃತ್ತರಾದರು.

1974ರ ಸೆಪ್ಟೆಂಬರ್ 25ರಂದು ಹೊಸ ಅಧ್ಯಾಯ ಆರಂಭವಾಯಿತು. ಅಂದು ಲಾಸ್ ಏಂಜಲೀಸಿನಲ್ಲಿ ಡಾ॥ ಫ್ರ್ಯಾಂಕ್ ಜೋಬ್ ಅವರು ಎಡಗೈ ಎಸೆತಗಾರರಾದ ಟಾಮಿ ಜಾನ್ ಅವರ ಬಲ ಮುಂಗೈಯ ಸ್ನಾಯುರಜ್ಜುವೊಂದನ್ನು ತೆಗೆದು, ಎಡ ಮೊಣಕೈಯಲ್ಲಿ ಹರಿದಿದ್ದ ಅಸ್ಥಿರಜ್ಜುವಿನ ಸ್ಥಾನದಲ್ಲಿ ಜೋಡಿಸಿದರು. 1976ರಲ್ಲಿ ಮೈದಾನಕ್ಕೆ ಮರಳಿದ ಜಾನ್ 1989ರವರೆಗೆ ಆಡಿದರು. ಅವರ 288 ಜಯಗಳಲ್ಲಿ 164 ಈ ಚಿಕಿತ್ಸೆಯ ಅನಂತರದವು. ಇಂದು ಆ ಶಸ್ತ್ರಚಿಕಿತ್ಸೆಗೆ ಅವರ ಹೆಸರೇ ನಿಂತಿದೆ.

ಆದರೆ ಚಿಕಿತ್ಸೆಯ ಯಶಸ್ಸು ರೋಗದ ಕಾರಣವನ್ನು ನಿವಾರಿಸಲಿಲ್ಲ. ಶಸ್ತ್ರಚಿಕಿತ್ಸೆಯಿಂದ ತೋಳು ಮೊದಲಿಗಿಂತ ಬಲಗೊಳ್ಳುತ್ತದೆಂಬ ತಪ್ಪು ನಂಬಿಕೆಯೂ ಹಬ್ಬಿತು. ಬಾಲಕರ ವಿಷಯದಲ್ಲಿ ಇದು ಅಪಾಯಕರ; ಏಕೆಂದರೆ ಬೆಳೆಯುತ್ತಿರುವ ಎಲುಬಿನ ಮೃದ್ವಸ್ಥಿ ಅಸ್ಥಿರಜ್ಜುವಿಗಿಂತ ದುರ್ಬಲವಾಗಿದ್ದು, ಹಾನಿ ಮೊದಲು ಅಲ್ಲಿಯೇ ತಲೆದೋರಬಹುದು. ಆದ್ದರಿಂದ ಬಾಲಕರ ಸಂಸ್ಥೆಯಾದ ಲಿಟ್ಲ್ ಲೀಗ್ 2007ರಿಂದ ಇನಿಂಗ್ಸುಗಳಿಗೆ ಬದಲಾಗಿ ಎಸೆತಗಳನ್ನೇ ಎಣಿಸತೊಡಗಿತು. 11–12 ವರ್ಷದವರಿಗೆ ದಿನಕ್ಕೆ 85 ಎಸೆತಗಳ ಮಿತಿಯನ್ನು ವಿಧಿಸಿತು. ಎಣಿಕೆ ಮಿತಿಯನ್ನು ಮುಟ್ಟಿದಾಗ, ಎದುರಿಗಿರುವ ದಾಂಡಿಗನ ಸರದಿ ಮುಗಿಯುವವರೆಗೆ ಎಸೆಯಬಹುದಾದರೂ, ಆ ಬಳಿಕ ಹುಡುಗನು ಚೆಂಡನ್ನು ಬೇರೊಬ್ಬನಿಗೆ ಒಪ್ಪಿಸಬೇಕು. ಹರಿದುದನ್ನು ಜೋಡಿಸುವ ವಿದ್ಯೆಗಿಂತ ಹರಿಯದಂತೆ ಕಾಯುವ ಈ ನಿಯಮವೇ ಹೆಚ್ಚಿನದೆಂದು ನಾವು ಭಾವಿಸುತ್ತೇವೆ.